ಯಂತ್ರಕ್ಕೆ ತಕ್ಕ ಆಟವೋ, ಆಟಕ್ಕೆ ತಕ್ಕ ಯಂತ್ರವೋ?

ಕಾಫಿ ಕುಯ್ಲು ಮುಗಿದು, ಕಣದಲ್ಲಿ ಒಣಗಿದ ಬೀಜ ಮೂಟೆಯಾಗಿ ಕ್ಯೂರಿಂಗ್ ವರ್ಕ್ಸ್ ಸೇರಿ, ಬೆಳೆಗಾರನ ಕೈಗೆ ನಾಲ್ಕು ಕಾಸು ಬರುವುದು ಫೆಬ್ರುವರಿ–ಮಾರ್ಚ್ ಹೊತ್ತಿಗೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಮನೆಗೆ ಬೇಕಾದ ದೊಡ್ಡ ಸಾಮಾನುಗಳು ಬರುವುದೂ ಆಗಲೇ. ಒಂದು ಕಾಲಕ್ಕೆ ರೇಡಿಯೋ ಬಂತು, ಆಮೇಲೆ ಟಿ.ವಿ. ಬಂತು. 1990ರ ದಶಕದ ಕೊನೆಯಿಂದೀಚೆಗೆ ಈ ಪಟ್ಟಿಗೆ ಕಂಪ್ಯೂಟರ್ ಕೂಡ ಸೇರಿತು. ಅದು ಬಂದದ್ದು ಮಕ್ಕಳ ಓದಿಗೆಂದು. ಮಕ್ಕಳು ಅದರಲ್ಲಿ ಓದಿದ್ದಕ್ಕಿಂತ ಹೆಚ್ಚು ಆಡಿದರು ಎನ್ನುವುದು ಬೇರೆ ಮಾತು.

ಆಡುವ ಮಕ್ಕಳಿಗೆ ಬೇಗನೆ ಒಂದು ಸಂಕಟ ಎದುರಾಗುತ್ತಿತ್ತು. ಆಟದ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಪಟ್ಟಿ ಇರುತ್ತದೆ. ಇಂಥ ವೇಗದ ಪ್ರೊಸೆಸರ್ ಬೇಕು, ಇಷ್ಟು ಮೆಮೊರಿ ಬೇಕು, ಇಂಥ ಗ್ರಾಫಿಕ್ಸ್ ಕಾರ್ಡ್ ಬೇಕು. ಇದಕ್ಕೆ 'ಕನಿಷ್ಠ ಅಗತ್ಯ' ಎಂದು ಹೆಸರು. ಎರಡು ವರ್ಷದ ಹಿಂದೆ ತಂದ ಕಂಪ್ಯೂಟರ್ ಈ ಕನಿಷ್ಠವನ್ನೂ ಮುಟ್ಟುವುದಿಲ್ಲ. ರಜೆಗೆಂದು ಬೆಂಗಳೂರಿನ ನೆಂಟರ ಮನೆಗೆ ಹೋದರೆ ಅಲ್ಲಿ ಅದೇ ಆಟ, ಟಿ.ವಿ. ಕೆಳಗಿಟ್ಟ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಸರಾಗವಾಗಿ ಓಡುತ್ತಿರುತ್ತದೆ. ಆ ಪೆಟ್ಟಿಗೆ ಐದು ವರ್ಷ ಹಳೆಯದು. ಅದರ ಮೆಮೊರಿ ಊರಿನ ಕಂಪ್ಯೂಟರಿನಲ್ಲಿ ಇರುವುದಕ್ಕಿಂತ ಕಡಿಮೆ. ಹಾಗಾದರೆ ಹೆಚ್ಚು ಶಕ್ತಿಯ ಯಂತ್ರ ಸೋಲುವುದೇಕೆ, ಕಡಿಮೆ ಶಕ್ತಿಯದು ಗೆಲ್ಲುವುದೇಕೆ?

ಈ ಪ್ರಶ್ನೆಗೆ ನಲವತ್ತು ವರ್ಷಗಳ ಇತಿಹಾಸವಿದೆ. ಮೇಲ್ನೋಟಕ್ಕೆ ಇದು ಹುಡುಗರ ಆಟದ ಸುದ್ದಿ. ಆದರೆ ಒಂದು ವಸ್ತುವನ್ನು ಕೊಳ್ಳುವವನಿಗೆ ಹೊಂದುವಂತೆ ಮಾಡುವ ಶ್ರಮ ಯಾರದು, ಆ ಶ್ರಮ ತಪ್ಪಿಸಿದರೆ ಅದರ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬ ದೊಡ್ಡವರ ಪ್ರಶ್ನೆಯೂ ಇದರೊಳಗಿದೆ.

ಅಳತೆ ಗೊತ್ತಿರುವ ಹಾಸಿಗೆ

ಟಿ.ವಿ.ಗೆ ಜೋಡಿಸಿ ಆಡುವ, ಆಟಕ್ಕೆಂದೇ ತಯಾರಾದ ಪೆಟ್ಟಿಗೆಯನ್ನು ಕನ್ಸೋಲ್ ಎನ್ನುತ್ತಾರೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊ ಕಂಪನಿಯ ಪೆಟ್ಟಿಗೆಗಳು ಈ ಜಾತಿಯವು. ಒಂದು ಮಾದರಿಯ ಕನ್ಸೋಲ್ ಟೋಕಿಯೋದಲ್ಲಿರಲಿ, ಟುಮಕೂರಿನಲ್ಲಿರಲಿ, ಒಳಗಿನ ಚಿಪ್ ಒಂದೇ, ಮೆಮೊರಿ ಒಂದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದೆಯಷ್ಟೆ. ಕನ್ಸೋಲ್‌ಗೆ ಆಟ ಬರೆಯುವವನಿಗೆ ಹಾಸಿಗೆಯ ಅಳತೆ ಮೊದಲ ದಿನದಿಂದಲೇ ಗೊತ್ತು. ಅದು ಮುಂದೆ ಬೆಳೆಯುವುದಿಲ್ಲ ಎಂಬುದೂ ಗೊತ್ತು. ಆದ್ದರಿಂದ ಅವನು ಕಾಲನ್ನು ಮಡಚಲೇಬೇಕು.

ಕಂಪ್ಯೂಟರಿನ ಕತೆ ಹಾಗಲ್ಲ. ಒಬ್ಬರ ಮನೆಯಲ್ಲಿ ಇಂಟೆಲ್ ಪ್ರೊಸೆಸರ್, ಇನ್ನೊಬ್ಬರಲ್ಲಿ ಎಎಂಡಿ. ಒಬ್ಬರ ಗ್ರಾಫಿಕ್ಸ್ ಕಾರ್ಡ್ ಹೊಸದು, ಇನ್ನೊಬ್ಬರಿಗೆ ಕಾರ್ಡೇ ಇಲ್ಲ. ಒಂದರಲ್ಲಿ ಹಳೆಯ ವಿಂಡೋಸ್, ಮತ್ತೊಂದರಲ್ಲಿ ಹೊಸದು, ಜೊತೆಗೆ ಹಿನ್ನೆಲೆಯಲ್ಲಿ ವೈರಸ್ ಕಾವಲಿನ ತಂತ್ರಾಂಶವೊಂದು ಸದಾ ಓಡುತ್ತಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳಲ್ಲಿ ಒಂದರಂತೆ ಇನ್ನೊಂದು ಇರುವುದು ಅಪರೂಪ.

ಕಾಫಿ ತೋಟದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕು. ಕೆರೆಯಿಂದ ತೋಟದ ತುದಿಗೆ ಎಷ್ಟು ಅಡಿ ಏರು, ಪೈಪು ಎಷ್ಟು ಉದ್ದ ಎಂದು ಬಲ್ಲ ಮೇಸ್ತ್ರಿ ಐದು ಎಚ್‌ಪಿ ಮೋಟಾರ್ ಸಾಕು ಎಂದು ಲೆಕ್ಕ ಹಾಕಿ ಹೇಳಬಲ್ಲ. ತೋಟವನ್ನೇ ನೋಡದ ಅಂಗಡಿಯವನು ಹೇಳುವುದು ಒಂದೇ ಮಾತು: 'ಯಾವುದಕ್ಕೂ ಏಳೂವರೆ ಎಚ್‌ಪಿ ಹಾಕಿಬಿಡಿ.' ಅಂಗಡಿಯವನು ಮೋಸಗಾರ ಎಂದೇನಲ್ಲ. ಅವನಿಗೆ ತೋಟ ಗೊತ್ತಿಲ್ಲ, ದೂರು ಬರಬಾರದು ಎಂಬ ಎಚ್ಚರ ಇದೆ. ಆ ಎರಡೂವರೆ ಎಚ್‌ಪಿಯ ಬೆಲೆ ಮಾತ್ರ ಬೆಳೆಗಾರನದು. ಆಟದ ಡಬ್ಬಿಯ ಮೇಲಿನ ಕನಿಷ್ಠ ಅಗತ್ಯವೂ ಬಹುಪಾಲು ಇಂಥದೇ ಮಾತು.

ಮಾರಿಯೋಗೆ ಸೋತ ಕಂಪ್ಯೂಟರ್

ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1981ರ ಆಗಸ್ಟ್‌ನಲ್ಲಿ. ಅದರ ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಎರಡು ವರ್ಷದ ನಂತರ, 1983ರಲ್ಲಿ, ಜಪಾನಿನ ನಿಂಟೆಂಡೊ ತನ್ನ ಫ್ಯಾಮಿಕಾಮ್ ಎಂಬ ಕನ್ಸೋಲನ್ನು ಹೊರತಂದಿತು. ಅದರ ವೇಗ 1.79 ಮೆಗಾಹರ್ಟ್ಸ್, ಮುಖ್ಯ ಮೆಮೊರಿ ಕೇವಲ 2 ಕಿಲೋಬೈಟ್. ನಮ್ಮ ದೇಶದ ಸಣ್ಣ ಊರುಗಳಲ್ಲೂ 1990ರ ದಶಕದಲ್ಲಿ 'ಟಿ.ವಿ. ಗೇಮ್' ಎಂಬ ಹೆಸರಿನಲ್ಲಿ ಮಾರಾಟವಾದ, ಕ್ಯಾಸೆಟ್ ಹಾಕಿ ಆಡುವ ಅಗ್ಗದ ಪೆಟ್ಟಿಗೆಗಳು ಇದೇ ಫ್ಯಾಮಿಕಾಮ್‌ನ ನಕಲುಗಳು. ಮಾರಿಯೋ, ಕಾಂಟ್ರಾ ಆಟಗಳು ಇಲ್ಲಿನವರಿಗೆ ಪರಿಚಯವಾದದ್ದು ಹೆಚ್ಚಾಗಿ ಅವುಗಳಿಂದಲೇ.

ಅಂಕಿ ನೋಡಿದರೆ ಕಂಪ್ಯೂಟರ್ ಎಷ್ಟೋ ಪಾಲು ಮುಂದು. ಆದರೂ ಮಾರಿಯೋ ಓಡಿದಂತೆ ಪರದೆಯ ದೃಶ್ಯ ನಯವಾಗಿ ಪಕ್ಕಕ್ಕೆ ಜರುಗುವ ಆಟ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಸಾಧ್ಯವಾಗಲಿಲ್ಲ. ಕಾರಣ ಇಷ್ಟೇ. ನಿಂಟೆಂಡೊ ಪೆಟ್ಟಿಗೆಯಲ್ಲಿ ಚಿತ್ರ ಜರುಗಿಸುವುದಕ್ಕೆಂದೇ ಒಂದು ಪ್ರತ್ಯೇಕ ಚಿಪ್ ಇತ್ತು. ಐಬಿಎಂ ಯಂತ್ರವನ್ನು ರೂಪಿಸಿದ್ದು ಲೆಕ್ಕಪತ್ರ, ಟೈಪಿಂಗ್ ಮುಂತಾದ ಕಚೇರಿ ಕೆಲಸಕ್ಕೆ. ಅದರಲ್ಲಿ ಇಡೀ ಪರದೆಯನ್ನು ಪ್ರೊಸೆಸರ್ ತಾನೇ ಮತ್ತೆ ಮತ್ತೆ ಬರೆಯಬೇಕಿತ್ತು.

ಇದಕ್ಕೆ ದಾರಿ ಕಂಡದ್ದು 1990ರಲ್ಲಿ. ಅಮೆರಿಕದ ಲೂಸಿಯಾನಾ ರಾಜ್ಯದ ಸಾಫ್ಟ್‌ಡಿಸ್ಕ್ ಎಂಬ ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ ಜಾನ್ ಕಾರ್ಮ್ಯಾಕ್ ಎಂಬ ಇಪ್ಪತ್ತರ ಹುಡುಗ, ಪರದೆಯಲ್ಲಿ ಬದಲಾದ ತುಣುಕುಗಳನ್ನಷ್ಟೇ ಮತ್ತೆ ಬರೆಯುವ ಉಪಾಯ ಹುಡುಕಿದ. ಅವನೂ ಗೆಳೆಯರೂ ಸೇರಿ 'ಸೂಪರ್ ಮಾರಿಯೋ ಬ್ರದರ್ಸ್ 3' ಆಟದ ಕಂಪ್ಯೂಟರ್ ಮಾದರಿ ತಯಾರಿಸಿ ನಿಂಟೆಂಡೊಗೆ ಕಳಿಸಿದರು. ನಿಂಟೆಂಡೊ ಒಪ್ಪಲಿಲ್ಲ. ತನ್ನ ಆಟ ತನ್ನ ಪೆಟ್ಟಿಗೆಯಲ್ಲೇ ಇರಬೇಕು ಎಂಬುದು ಅದರ ನೀತಿ. ಗೆಳೆಯರು ಅದೇ ಉಪಾಯ ಬಳಸಿ 1990ರ ಡಿಸೆಂಬರ್‌ನಲ್ಲಿ 'ಕಮಾಂಡರ್ ಕೀನ್' ಎಂಬ ಸ್ವಂತ ಆಟ ಹೊರತಂದರು. ಮೂರು ವರ್ಷದ ನಂತರ 'ಡೂಮ್' ಆಟವನ್ನು ಮಾಡಿ ಲೋಕಪ್ರಸಿದ್ಧರಾದದ್ದೂ ಇದೇ ಗುಂಪು.

ಈ ಪ್ರಸಂಗದ ಪಾಠ ಗಮನಿಸಬೇಕಾದದ್ದು. 1990ರಲ್ಲಿ ಆದದ್ದು ಯಂತ್ರದ ಬದಲಾವಣೆ ಅಲ್ಲ. ಜನರ ಮನೆಯಲ್ಲಿದ್ದ ಕಂಪ್ಯೂಟರ್‌ಗಳು ಅವೇ. ಬರೆಯುವವನು ತಲೆ ಖರ್ಚು ಮಾಡಿದ್ದರಿಂದ ಕೊಳ್ಳುವವನ ಹಣ ಉಳಿಯಿತು.

ಕಾಫಿ ಅಂಗಡಿಗೆ ಬಂದ ಕಂಪ್ಯೂಟರ್

1990ರ ದಶಕದ ನಡುವಿನಲ್ಲಿ ಕರ್ನಾಟಕದ ಯುವಕರಿಗೆ ಕಂಪ್ಯೂಟರ್ ಹತ್ತಿರವಾಯಿತು. ಇದರಲ್ಲಿ ಕಾಫಿ ಬೆಟ್ಟಗಳದೂ ಒಂದು ಪಾಲಿದೆ. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸಿತು. ಮರುವರ್ಷ, 1996ರಲ್ಲಿ, ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕಾಫಿ ಕುಡಿಯುತ್ತ ಇಂಟರ್‌ನೆಟ್ ನೋಡುವ ಜಾಗವಾಗಿಯೇ ಅದು ಆರಂಭವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸೈಬರ್ ಕೆಫೆಗಳು ಜಿಲ್ಲಾ ಕೇಂದ್ರಗಳಿಗೂ ತಾಲ್ಲೂಕು ಕೇಂದ್ರಗಳಿಗೂ ಹಬ್ಬಿದವು. ಪರೀಕ್ಷೆಯ ಫಲಿತಾಂಶ ನೋಡಲು ಹೋದ ಹುಡುಗರು ಗಂಟೆ ಲೆಕ್ಕದಲ್ಲಿ ಆಟಕ್ಕೂ ಕುಳಿತರು.

ಅದೇ ಕಾಲದಲ್ಲಿ ಕನ್ಸೋಲ್ ಆಟವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಬೆಂಗಳೂರಿಗೂ ಬಂತು. ಇದಕ್ಕೆ ಉದ್ಯಮದಲ್ಲಿ 'ಪೋರ್ಟ್' ಮಾಡುವುದು ಎನ್ನುತ್ತಾರೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆ್ಯಕ್ಟಿವ್, ಭಾರತದ ಅತಿ ಹಳೆಯ ವಿಡಿಯೊ ಗೇಮ್ ಕಂಪನಿಗಳಲ್ಲಿ ಒಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ಅದು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ 'ಮಿಷನ್: ಇಂಪಾಸಿಬಲ್' ಆಟದ ಕಂಪ್ಯೂಟರ್ ರೂಪವೂ ಸೇರಿತ್ತು. 1998ರಲ್ಲಿ ನಿಂಟೆಂಡೊ 64 ಕನ್ಸೋಲಿಗೆ ಬಂದ ಆಟ ಅದು. ಆ ಪೆಟ್ಟಿಗೆಯ ಮೆಮೊರಿ 4 ಮೆಗಾಬೈಟ್.

ಪೋರ್ಟ್ ಎಂದರೆ ನಕಲು ತೆಗೆದಂತಲ್ಲ. ಅದು ಎಷ್ಟು ತುಟ್ಟಿ ಎಂಬುದಕ್ಕೆ ಆ ವರ್ಷದ್ದೇ ಇನ್ನೊಂದು ಉದಾಹರಣೆ ನೋಡಬಹುದು. 'ಫೈನಲ್ ಫ್ಯಾಂಟಸಿ 7' ಎಂಬ ಜಪಾನಿ ಆಟ 1997ರ ಜನವರಿಯಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಪ್ಲೇಸ್ಟೇಷನ್ನಿನ ಪ್ರೊಸೆಸರ್ ಸುಮಾರು 33 ಮೆಗಾಹರ್ಟ್ಸ್. ಮುಖ್ಯ ಮೆಮೊರಿ 2 ಮೆಗಾಬೈಟ್, ಚಿತ್ರಕ್ಕೆ ಪ್ರತ್ಯೇಕವಾಗಿ 1 ಮೆಗಾಬೈಟ್. 1998ರಲ್ಲಿ ಅದೇ ಆಟ ಕಂಪ್ಯೂಟರಿಗೆ ಬಂದಾಗ ಕೇಳಿದ್ದು 133 ಮೆಗಾಹರ್ಟ್ಸ್ ಪೆಂಟಿಯಂ, 32 ಮೆಗಾಬೈಟ್ ಮೆಮೊರಿ, ಜೊತೆಗೆ ಮೂರು ಆಯಾಮದ ಚಿತ್ರಕ್ಕೆ ಪ್ರತ್ಯೇಕ ಕಾರ್ಡ್. ಕಾರ್ಡ್ ಇಲ್ಲದಿದ್ದರೆ ಇನ್ನೂ ವೇಗದ ಪ್ರೊಸೆಸರ್. ವೇಗ ನಾಲ್ಕು ಪಟ್ಟು, ಮೆಮೊರಿ ಹತ್ತು ಪಟ್ಟು!

ಇಷ್ಟೂ ಹೆಚ್ಚಳ ವ್ಯರ್ಥ ಎನ್ನಲಾಗದು. ಟಿ.ವಿ.ಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕಿಗಳಿದ್ದ ಚಿತ್ರ ಕಂಪ್ಯೂಟರಿನಲ್ಲಿ 640, 480 ಚುಕ್ಕಿಗಳಿಗೆ ಏರಿತ್ತು, ಅಂದರೆ ನಾಲ್ಕು ಪಟ್ಟು ಸ್ಪಷ್ಟ. ವಿಂಡೋಸ್ ತಾನೇ ಒಂದಿಷ್ಟು ಮೆಮೊರಿ ನುಂಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕನ್ಸೋಲಿನಲ್ಲಿ ಆಟ ಚಿಪ್‌ನೊಂದಿಗೆ ಹೆಚ್ಚುಕಡಿಮೆ ನೇರವಾಗಿ ಮಾತಾಡುತ್ತದೆ. ಕಂಪ್ಯೂಟರಿನಲ್ಲಿ ನಡುವೆ ದುಭಾಷಿಯೊಬ್ಬ ಬೇಕು. ಮೈಕ್ರೋಸಾಫ್ಟ್ 1995ರಲ್ಲಿ ತಂದ ಡೈರೆಕ್ಟ್‌ಎಕ್ಸ್ ಅಂಥ ದುಭಾಷಿ. ಯಾವ ಕಾರ್ಡ್ ಇದ್ದರೂ ಆಟದ ಮಾತನ್ನು ಅದಕ್ಕೆ ತಿಳಿಯುವಂತೆ ಹೇಳುವುದು ಅದರ ಕೆಲಸ. ದುಭಾಷಿಯಿಂದ ಅನುಕೂಲವುಂಟು, ಆದರೆ ಪ್ರತಿ ಮಾತಿಗೂ ಅವನ ಸಂಬಳ ಪ್ರೊಸೆಸರಿನ ವೇಗದಿಂದಲೇ ಕಡಿತವಾಗುತ್ತದೆ.

ಒಂದೇ ಚಿಪ್, ಎರಡು ನ್ಯಾಯ

ಕನ್ಸೋಲಿನ ಚಿಪ್ ಬೇರೆ ಜಾತಿಯದು, ಆದ್ದರಿಂದ ಕಷ್ಟ ಎಂಬ ಸಮಜಾಯಿಷಿ 2001ರವರೆಗೆ ನಡೆಯಿತು. ಆ ವರ್ಷದ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒಳಗೆ ಇದ್ದದ್ದು ಪೆಂಟಿಯಂ 3 ಜಾತಿಯದೇ ಆದ 733 ಮೆಗಾಹರ್ಟ್ಸ್ ಪ್ರೊಸೆಸರ್, 64 ಮೆಗಾಬೈಟ್ ಮೆಮೊರಿ. ಅಂದರೆ ಅದೊಂದು ವೇಷ ಬದಲಿಸಿದ ಕಂಪ್ಯೂಟರ್. ಅದರ ಜೊತೆಗೇ ಬಂದ 'ಹೇಲೋ' ಆಟ ಕಂಪ್ಯೂಟರಿಗೆ ಬರಲು ಸುಮಾರು ಎರಡು ವರ್ಷ ಬೇಕಾಯಿತು. 2003ರಲ್ಲಿ ಬಂದಾಗ ಅದು ಕೇಳಿದ ಕನಿಷ್ಠ ವೇಗ ಅದೇ 733 ಮೆಗಾಹರ್ಟ್ಸ್. ಮೆಮೊರಿ ಮಾತ್ರ 128 ಮೆಗಾಬೈಟ್, ಮೇಲೆ 32 ಮೆಗಾಬೈಟಿನ ಗ್ರಾಫಿಕ್ಸ್ ಕಾರ್ಡ್. ಇಷ್ಟಿದ್ದೂ ಆಟ ತೆವಳುತ್ತದೆ ಎಂಬ ದೂರು ಬಂತು. ಕನಿಷ್ಠಕ್ಕಿಂತ ಬಹಳ ಮೇಲಿನ ಯಂತ್ರ ಇದ್ದವರೂ ದೂರಿದರು.

ಮೆಮೊರಿ ದುಪ್ಪಟ್ಟಾಗುವುದಕ್ಕೆ ಒಂದು ತಾಂತ್ರಿಕ ಕಾರಣವಿದೆ. ಎಕ್ಸ್‌ಬಾಕ್ಸ್‌ನಂಥ ಕನ್ಸೋಲುಗಳಲ್ಲಿ ಪ್ರೊಸೆಸರಿಗೂ ಚಿತ್ರದ ಚಿಪ್ಪಿಗೂ ಒಂದೇ ಉಗ್ರಾಣ. ಕಂಪ್ಯೂಟರಿನಲ್ಲಿ ಎರಡು ಪ್ರತ್ಯೇಕ ಉಗ್ರಾಣಗಳು. ಒಂದರಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಬೇಕು, ಎಷ್ಟೋ ಸಲ ಒಂದೇ ಸಾಮಾನನ್ನು ಎರಡು ಕಡೆಯೂ ಇಡಬೇಕು.

2008 ಈ ಇತಿಹಾಸದಲ್ಲಿ ಹೆಸರಾದ ವರ್ಷ. ರಾಕ್‌ಸ್ಟಾರ್ ಕಂಪನಿಯ 'ಗ್ರ್ಯಾಂಡ್ ಥೆಫ್ಟ್ ಆಟೊ 4' ಏಪ್ರಿಲ್‌ನಲ್ಲಿ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3ಕ್ಕೆ ಬಂತು. ಎರಡರಲ್ಲೂ ಒಟ್ಟು ಮೆಮೊರಿ 512 ಮೆಗಾಬೈಟ್. ಡಿಸೆಂಬರ್‌ನಲ್ಲಿ ಕಂಪ್ಯೂಟರಿಗೆ ಬಂದಾಗ ಕನಿಷ್ಠ ಅಗತ್ಯವೇ 1.5 ಗಿಗಾಬೈಟ್ ಮೆಮೊರಿ, 256 ಮೆಗಾಬೈಟ್ ಗ್ರಾಫಿಕ್ಸ್ ಕಾರ್ಡ್, 16 ಗಿಗಾಬೈಟ್ ಹಾರ್ಡ್‌ಡಿಸ್ಕ್ ಜಾಗ. ಚೆನ್ನಾಗಿ ಆಡಬೇಕಾದರೆ ಆಗಿನ್ನೂ ದುಬಾರಿಯಾಗಿದ್ದ ನಾಲ್ಕು ತಿರುಳಿನ ಪ್ರೊಸೆಸರ್ ಶಿಫಾರಸಾಗಿತ್ತು. ಆಟದ ಮೇಲ್ಮಟ್ಟದ ಚಿತ್ರ ಗುಣಮಟ್ಟ ಮುಂದಿನ ಕಾಲದ ಕಂಪ್ಯೂಟರುಗಳಿಗೆ, ಸದ್ಯಕ್ಕೆ ಮಧ್ಯಮ ಮಟ್ಟದಲ್ಲಿ ಆಡಿರಿ ಎಂಬ ಸಲಹೆ ತಯಾರಕರಿಂದಲೇ ಬಂತು. ಅಂಗಡಿಯಲ್ಲಿ ಪೂರ್ಣ ಬೆಲೆ ತೆಗೆದುಕೊಂಡು, ಪೂರ್ಣ ಆಟ ಮುಂದೆಂದಾದರೂ ಎಂದಂತಾಯಿತು.

ಈ ರಾಕ್‌ಸ್ಟಾರ್ ಈಗ ಕನ್ನಡನಾಡಿಗೆ ಅಪರಿಚಿತವಲ್ಲ. 2016ರಿಂದ ಬೆಂಗಳೂರಿನಲ್ಲಿ ಅದರ ಶಾಖೆ ಇದೆ. ಪೋರ್ಟ್ ಕೆಲಸದಿಂದ ಹೆಸರು ಮಾಡಿದ್ದ ಧ್ರುವವನ್ನು 2019ರಲ್ಲಿ ಅದೇ ಕಂಪನಿ ಕೊಂಡಿತು. 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಅದರ ಭಾರೀ ಆಟದಲ್ಲಿ ಬೆಂಗಳೂರು ಶಾಖೆಯ ದುಡಿಮೆಯೂ ಇದೆ. ಈ ಆಟ 2018ರಲ್ಲಿ ಕನ್ಸೋಲಿಗೂ, ಒಂದು ವರ್ಷ ತಡವಾಗಿ ಕಂಪ್ಯೂಟರಿಗೂ ಬಂತು. ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಜಾಗ 150 ಗಿಗಾಬೈಟ್. ಸೆಕೆಂಡಿಗೆ 10 ಮೆಗಾಬಿಟ್ ವೇಗ ಒಂದು ಕ್ಷಣವೂ ತಪ್ಪದೆ ಸಿಕ್ಕರೂ ಅಷ್ಟನ್ನು ಇಳಿಸಿಕೊಳ್ಳಲು 33 ಗಂಟೆ ಬೇಕು. ಮುಂಗಾರಿನಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟ್ ಕಾಣದ ಕಳಸದ ಕಡೆಯ ಒಂಟಿ ಮನೆಗಳಲ್ಲಿ ಈ 33 ಗಂಟೆ ಎಷ್ಟು ದಿನವಾದೀತು ಎಂಬುದನ್ನು ಅಲ್ಲಿಯವರೇ ಹೇಳಬೇಕು.

ಹಣ ವಾಪಸ್ ಬಂದ ದಿನ

2013ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಕಂಪ್ಯೂಟರ್ ಜಾತಿಯ ಎಎಂಡಿ ಪ್ರೊಸೆಸರುಗಳೇ ಇದ್ದವು. ಇನ್ನು ತೊಂದರೆ ತೀರಿತು ಎಂದು ಅನೇಕರು ಭಾವಿಸಿದ್ದರು. ಹಾಗಾಗಲಿಲ್ಲ. 2015ರ ಜೂನ್ 23ರಂದು 'ಬ್ಯಾಟ್‌ಮ್ಯಾನ್: ಅರ್ಕಮ್ ನೈಟ್' ಬಿಡುಗಡೆಯಾಯಿತು. ಕನ್ಸೋಲಿನಲ್ಲಿ ಆಟ ಚೆನ್ನಾಗಿ ನಡೆಯಿತು. ಹೊರಗಿನ ಕಂಪನಿಗೆ ಒಪ್ಪಿಸಿ ಮಾಡಿಸಿದ್ದ ಕಂಪ್ಯೂಟರ್ ರೂಪ ಮಾತ್ರ ಮುಗ್ಗರಿಸಿ, ನಿಂತು, ನಿಂತು ಓಡಿತು. ದುಬಾರಿ ಕಾರ್ಡ್ ಇದ್ದವರಿಗೂ ಅದೇ ಪಾಡು. ಎರಡು ದಿನ ಕಳೆಯುವುದರೊಳಗೆ ವಾರ್ನರ್ ಬ್ರದರ್ಸ್ ಅದರ ಮಾರಾಟವನ್ನೇ ನಿಲ್ಲಿಸಿತು. ಮತ್ತೆ ಮಾರಾಟಕ್ಕೆ ಬಂದದ್ದು ಅಕ್ಟೋಬರ್ ಕೊನೆಗೆ.

ಇಂಥ ನಿರ್ಧಾರಕ್ಕೆ ಕಂಪನಿಯನ್ನು ನೂಕಿದ್ದರಲ್ಲಿ ಒಂದು ಸಣ್ಣ ನಿಯಮದ ಪಾತ್ರವೂ ಇತ್ತು. ಕಂಪ್ಯೂಟರ್ ಆಟಗಳ ದೊಡ್ಡ ಮಳಿಗೆಯಾದ ಸ್ಟೀಮ್, ಅದೇ ತಿಂಗಳ ಆರಂಭದಲ್ಲಿ ಹೊಸ ಪದ್ಧತಿ ತಂದಿತ್ತು. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೊಂಡು ಎರಡು ವಾರ ಆಗಿಲ್ಲದಿದ್ದರೆ ಹಣ ವಾಪಸ್. ಅಲ್ಲಿಯವರೆಗೆ ಕೊಂಡವನಿಗಿದ್ದ ದಾರಿ ಎರಡೇ: ಹೊಸ ಕಾರ್ಡ್ ಕೊಳ್ಳುವುದು, ಇಲ್ಲವೇ ಸುಮ್ಮನಿರುವುದು. ಈಗ ಮೂರನೆಯ ದಾರಿ ತೆರೆಯಿತು.

ಆದರೂ ಪಾಠ ಪೂರ್ತಿ ಕಲಿತಂತಿಲ್ಲ. 2013ರಲ್ಲಿ 512 ಮೆಗಾಬೈಟಿನ ಪ್ಲೇಸ್ಟೇಷನ್ 3ರಲ್ಲಿ ಓಡಿದ್ದ 'ದಿ ಲಾಸ್ಟ್ ಆಫ್ ಅಸ್' ಆಟವನ್ನು ಹೊಸ ಚಿತ್ರಗಳೊಂದಿಗೆ ಮತ್ತೆ ರೂಪಿಸಿ 2023ರ ಮಾರ್ಚ್‌ನಲ್ಲಿ ಕಂಪ್ಯೂಟರಿಗೆ ತಂದರು. ಕನಿಷ್ಠ ಮೆಮೊರಿ 16 ಗಿಗಾಬೈಟ್, ಜಾಗ 100 ಗಿಗಾಬೈಟ್. ಮೊದಲ ಸಲ ತೆರೆದಾಗ 'ಷೇಡರ್ ಸಿದ್ಧವಾಗುತ್ತಿದೆ' ಎಂದು ಹೇಳಿ ಅನೇಕರನ್ನು ಅರ್ಧ ಗಂಟೆಗೂ ಮೀರಿ ಕಾಯಿಸಿತು. ಬೆಳಕು, ನೆರಳು ಹೇಗೆ ಬೀಳಬೇಕು ಎಂದು ಗ್ರಾಫಿಕ್ಸ್ ಚಿಪ್ಪಿಗೆ ಹೇಳುವ ಸಣ್ಣ ಸೂಚನೆಗಳೇ ಷೇಡರುಗಳು. ಕನ್ಸೋಲಿನಲ್ಲಿ ಚಿಪ್ ಯಾವುದೆಂದು ಗೊತ್ತಿರುವುದರಿಂದ ಇವನ್ನು ಕಂಪನಿಯಲ್ಲೇ ಸಿದ್ಧಪಡಿಸಿ ಕಳಿಸುತ್ತಾರೆ. ಕಂಪ್ಯೂಟರಿಗೆ ಹಾಗೆ ಮಾಡಲು ಬರುವುದಿಲ್ಲ. ಒಬ್ಬರಿಗೆ ಕಾಫಿಪುಡಿಯನ್ನೇ ಕೊಟ್ಟು, ಇನ್ನೊಬ್ಬರಿಗೆ ಬೀಜ ಕೊಟ್ಟು, ಮನೆಯಲ್ಲೇ ಹುರಿದು ಬೀಸಿಕೊಳ್ಳಿ ಎಂದ ಹಾಗೆ. ಮೊದಲ ಲೋಟ ತಡವಾಗುವುದು ಸಹಜ.

ಮಾಡುವವರ ಮಾತು

ತಯಾರಕರ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಒಂದು ಆಟವನ್ನು ಕನ್ಸೋಲಿನ ಎರಡು ಮೂರು ಮಾದರಿಗಳ ಮೇಲೆ ಪರೀಕ್ಷಿಸಿದರೆ ಮುಗಿಯಿತು. ಕಂಪ್ಯೂಟರುಗಳ ಎಲ್ಲ ಜೋಡಣೆಗಳ ಮೇಲೆ ಪರೀಕ್ಷಿಸುವುದು ಯಾರಿಂದಲೂ ಆಗದ ಕೆಲಸ. ಕನ್ಸೋಲ್ ಆಟಗಾರನಿಗೆ ಟಿ.ವಿ.ಯಲ್ಲಿ ಸೆಕೆಂಡಿಗೆ 30 ಚಿತ್ರ ಬಂದರೆ ಸಾಕು ಎನಿಸಿದರೆ, ಕಂಪ್ಯೂಟರ್ ಆಟಗಾರ 60 ಬೇಕು, 120 ಬೇಕು, ಚಿತ್ರ ಇನ್ನಷ್ಟು ಸ್ಪಷ್ಟ ಇರಬೇಕು ಎನ್ನುತ್ತಾನೆ. ಕೇಳಿದ್ದು ಹೆಚ್ಚಾದರೆ ಬೇಕಾಗುವ ಶಕ್ತಿಯೂ ಹೆಚ್ಚೇ. ದುಭಾಷಿಯ ಖರ್ಚು ತಗ್ಗಿಸುವ ಪ್ರಯತ್ನಗಳೂ ನಡೆದಿವೆ. ಎಎಂಡಿಯ ಮ್ಯಾಂಟಲ್ 2013ರಲ್ಲಿ, ಡೈರೆಕ್ಟ್‌ಎಕ್ಸ್ 12 ಎರಡು ವರ್ಷದ ನಂತರ, ವಲ್ಕನ್ 2016ರಲ್ಲಿ ಬಂದದ್ದು ಇದೇ ಉದ್ದೇಶಕ್ಕೆ.

ಕಂಪ್ಯೂಟರಿನ ಸ್ವಾತಂತ್ರ್ಯವನ್ನೂ ಮರೆಯಬಾರದು. 1993ರ ಡೂಮ್ ಇಂದಿನ ಕಂಪ್ಯೂಟರಿನಲ್ಲೂ ಓಡುತ್ತದೆ. ಕನ್ಸೋಲಿನ ಹಳೆಯ ಕ್ಯಾಸೆಟ್ ಎಷ್ಟೋ ಸಲ ಹಳೆಯ ಪೆಟ್ಟಿಗೆಯೊಂದಿಗೇ ಸಾಯುತ್ತದೆ. ಕನ್ಸೋಲ್ ಅಗ್ಗವಾಗಿ ಕಾಣುವುದರ ಹಿಂದೆಯೂ ವ್ಯಾಪಾರದ ಲೆಕ್ಕವಿದೆ. ಪೆಟ್ಟಿಗೆಯನ್ನು ಎಷ್ಟೋ ಬಾರಿ ನಷ್ಟಕ್ಕೆ ಮಾರಿ ಆಟಗಳ ಮಾರಾಟದಲ್ಲಿ ಗಳಿಸುವುದು ಆ ಉದ್ಯಮದ ಹಳೆಯ ರೂಢಿ. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂತು. ಚಿಪ್ ಕೊರತೆಯ ಆ ದಿನಗಳಲ್ಲಿ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೇ ಅಷ್ಟು ಹಣ ತೆರಬೇಕಾಗಿತ್ತು.

ಆದರೆ ನಮ್ಮ ಮಧ್ಯಮವರ್ಗದ ಮನೆಯ ಲೆಕ್ಕ ಬೇರೆ. ಆಟಕ್ಕೆಂದೇ ಒಂದು ಪೆಟ್ಟಿಗೆ ಕೊಡಿಸಿ ಎಂದರೆ ಅಪ್ಪ ಒಪ್ಪುವುದು ಕಷ್ಟ. ಓದಿಗೆ ಕಂಪ್ಯೂಟರ್ ಎಂದರೆ ಸಾಲ ಮಾಡಿಯಾದರೂ ತರುತ್ತಾರೆ. ತೋಟದ ರೈಟರ ಮಗನಿಗೂ ಪೇಟೆಯ ಮೇಷ್ಟರ ಮಗಳಿಗೂ ಇರುವುದು ಅದೊಂದೇ ಯಂತ್ರ, ಅದನ್ನು ಬದಲಿಸುವುದು ಏಳೆಂಟು ವರ್ಷಕ್ಕೊಮ್ಮೆ. ಕನಿಷ್ಠ ಅಗತ್ಯದ ಪಟ್ಟಿ ಬರೆಯುವವನ ಲೆಕ್ಕದಲ್ಲಿ ಇವರು ಗಿರಾಕಿಗಳಲ್ಲ.

ಕನ್ನಡದ ಕನಿಷ್ಠ ಅಗತ್ಯ

ಲೆಕ್ಕದಿಂದ ಹೊರಗುಳಿಯುವ ಈ ಅನುಭವ ಆಟಗಳಿಗೆ ಮಾತ್ರ ಸೀಮಿತವಲ್ಲ. ಕನ್ನಡ ಭಾಷೆಯೂ ಇದನ್ನು ಕಂಡಿದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಾನ ಸಿಕ್ಕಿತ್ತು. ಆದರೆ ವಿಂಡೋಸ್ ಕನ್ನಡವನ್ನು ತಾನಾಗಿ ತೋರಿಸಲು ಕಲಿತದ್ದು 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ. ವಿಂಡೋಸ್ 98ಕ್ಕೆ 16 ಮೆಗಾಬೈಟ್ ಮೆಮೊರಿ ಸಾಕಿತ್ತು, ಎಕ್ಸ್‌ಪಿಗೆ ಕನಿಷ್ಠ 64 ಬೇಕು. ಅಂದರೆ ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕೆಂದರೂ ಎಷ್ಟೋ ಮನೆಗಳಲ್ಲಿ, ಶಾಲೆಗಳಲ್ಲಿ ಹೊಸ ಯಂತ್ರ ಬೇಕಾಯಿತು. ಹಳೆಯ ಯಂತ್ರದವರು ಬೇರೆ ಬೇರೆ ತಂತ್ರಾಂಶಗಳನ್ನು ಬಳಸಿದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಗುರುತುಗಳು ಬಂದವು.

ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಸಾಹಿತಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗೆಗೆ ಅಷ್ಟೊಂದು ತಲೆಕೆಡಿಸಿಕೊಂಡದ್ದು ಏಕೆಂದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. 2007ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಆ ವಿಷಯ ಅವರ ಆಸಕ್ತಿಯಾಗಿತ್ತು. ಯಂತ್ರ ಎಲ್ಲಿಯೋ ತಯಾರಾಗುತ್ತದೆ. ಅದನ್ನು ಇಲ್ಲಿಯ ಬಳಕೆಗೆ ಹೊಂದಿಸುವ ಕೆಲಸವನ್ನು ಯಾರೂ ಮಾಡದಿದ್ದರೆ ಇಲ್ಲಿಯವರೇ ಯಂತ್ರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಇಳಿಸಿದರೆ ಇಳಿಯುತ್ತದೆ

ಹೊಂದಿಸಲು ಆಗುವುದೇ ಇಲ್ಲ ಎಂಬ ಮಾತಿಗೆ ಇತಿಹಾಸವೇ ಉತ್ತರ ಕೊಡುತ್ತದೆ. 'ದಿ ವಿಚರ್ 3' ಆಟ 2015ರಲ್ಲಿ ಕಂಪ್ಯೂಟರಿನಿಂದ ಕನಿಷ್ಠ 6 ಗಿಗಾಬೈಟ್ ಮೆಮೊರಿ ಬೇಡಿತ್ತು. ನಾಲ್ಕು ವರ್ಷದ ನಂತರ ಅದನ್ನೇ ಒಟ್ಟು 4 ಗಿಗಾಬೈಟ್ ಇರುವ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್‌ಗೆ ಇಳಿಸಿದರು. ಚಿತ್ರ ಸ್ವಲ್ಪ ಮಂಕಾಯಿತು, ಆದರೆ ಇಡೀ ಆಟ ಬಂತು. ಸ್ವಿಚ್ ಕೊಂಡವರ ಸಂಖ್ಯೆ ದೊಡ್ಡದಿತ್ತು, ಹಾಗಾಗಿ ಆ ಶ್ರಮಕ್ಕೆ ಬೆಲೆ ಇತ್ತು.

ನಮಗೆ ಇನ್ನೂ ಹತ್ತಿರದ ನಿದರ್ಶನ ಪಬ್‌ಜಿ. 2017ರ ಕೊನೆಗೆ ಪೂರ್ಣರೂಪದಲ್ಲಿ ಬಂದ ಕಂಪ್ಯೂಟರ್ ಆಟಕ್ಕೆ 8 ಗಿಗಾಬೈಟ್ ಮೆಮೊರಿ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಎಕ್ಸ್‌ಬಾಕ್ಸ್‌ಗೂ ಅದು ಆಗಲೇ ಬಂತು. ಕೆಲವೇ ತಿಂಗಳಲ್ಲಿ, 2018ರ ಮಾರ್ಚ್‌ನಲ್ಲಿ, ಅದರ ಮೊಬೈಲ್ ರೂಪ ಬಂತು. ಅದಕ್ಕೆ 2 ಗಿಗಾಬೈಟಿನ ಫೋನ್ ಸಾಕು. ಕಂಪ್ಯೂಟರ್ ಬದಲಿಸಲಾಗದ ಮಲೆನಾಡಿನ ಹುಡುಗರೂ ಸಿಗ್ನಲ್ ಸಿಗುವ ದಿಬ್ಬ ಹುಡುಕಿ ಕೂತು ಆಡಿದರು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ನಿಷೇಧಿಸುವ ಹೊತ್ತಿಗೆ ಅದು ಮನೆಮಾತಾಗಿತ್ತು. ಆ ಆಟದಿಂದ ಒಳಿತಾಯಿತೋ ಕೆಡುಕಾಯಿತೋ ಎಂಬುದು ಬೇರೆ ಚರ್ಚೆ. ಗಿರಾಕಿಗಳಿದ್ದಾರೆ ಎಂದು ಮನವರಿಕೆಯಾದ ಮೇಲೆ ಕನಿಷ್ಠ ಅಗತ್ಯ ತಾನಾಗಿ ಕೆಳಗಿಳಿಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

2022ರ ಫೆಬ್ರುವರಿಯಲ್ಲಿ ಸ್ಟೀಮ್ ಮಳಿಗೆಯ ಒಡೆಯನಾದ ವಾಲ್ವ್ ಕಂಪನಿ ಸ್ಟೀಮ್ ಡೆಕ್ ಎಂಬ ಕೈಗಾತ್ರದ ಕಂಪ್ಯೂಟರನ್ನೇ ಹೊರತಂದಿತು. ಒಳಗಿರುವುದು ಕಂಪ್ಯೂಟರ್, ಆದರೆ ಕನ್ಸೋಲಿನಂತೆ ಎಲ್ಲರದ್ದೂ ಒಂದೇ ಅಳತೆ. ತಮ್ಮ ಆಟ ಅದರಲ್ಲಿ ಓಡುತ್ತದೆಯೇ ಎಂದು ತಯಾರಕರು ನೋಡತೊಡಗಿದರು. ಅದಕ್ಕೆಂದು ಮಾಡಿದ ತಿದ್ದುಪಡಿಯಿಂದ ಹಳೆಯ ಕಂಪ್ಯೂಟರ್ ಇದ್ದವರಿಗೂ ಲಾಭವಾಗುತ್ತದೆ. ಇತ್ತ ಹೊಸ ಬೇಡಿಕೆಗಳೂ ನಿಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್' ಆಟಕ್ಕೆ ಬೆಳಕಿನ ಕಿರಣಗಳ ಲೆಕ್ಕ ಹಾಕುವ ವಿಶೇಷ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪ್ರವೇಶವೇ ಇಲ್ಲ.

ಹಾಗೆ ನೋಡಿದರೆ ಡಬ್ಬಿಯ ಹಿಂಬದಿಯ ಆ ಸಣ್ಣ ಅಕ್ಷರದ ಪಟ್ಟಿಯಲ್ಲಿ ಯಂತ್ರದ ವಿಷಯಕ್ಕಿಂತ ಮನುಷ್ಯರ ವಿಷಯವೇ ಹೆಚ್ಚಿದೆ. ತಯಾರಕನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ದುಡಿದ, ಎಲ್ಲಿಗೆ ದುಡಿಮೆ ನಿಲ್ಲಿಸಿದ ಎಂಬುದು ಅಲ್ಲಿ ಅಂಕಿಗಳಲ್ಲಿ ಬರೆದಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತನ್ನು ಹಿರಿಯರು ಯಾವಾಗಲೂ ಕೊಳ್ಳುವವನಿಗೇ ಹೇಳುತ್ತ ಬಂದರು. ಆಟ ಮಾಡುವವನಿಗೂ ಅದನ್ನು ಹೇಳುವವರು ಬೇಕು. ಬರುವ ಮಾರ್ಚ್‌ನಲ್ಲೂ ಕಾಫಿ ಹಣ ಬರುತ್ತದೆ, ಮನೆಯ ಮಕ್ಕಳು ಹೊಸ ಕಾರ್ಡಿನ ಬೆಲೆ ಕೇಳಿಕೊಂಡು ಬಂದಿರುತ್ತಾರೆ. ಅಪ್ಪನ ಮುಂದೆ ಆಗಲೇ ಗೊಬ್ಬರದ ಬಾಕಿ, ಕೂಲಿಯ ಲೆಕ್ಕ, ಸ್ಪ್ರಿಂಕ್ಲರ್ ಮೋಟಾರಿನ ರಿಪೇರಿ ಸಾಲುಗಟ್ಟಿ ನಿಂತಿರುತ್ತವೆ.